ಮೂರು ಬಾಕ್ಸು, ಮೇಲೆ ಚಿಲ್ಲರೆ

ಟಮಕದ ಹಾಸ್ಟೆಲು, ರೂಮು ನಂಬರು ಹದಿನಾಲ್ಕು.
ನಾಲ್ಕು ಮಂಚ, ಮೂರು ಬಕೆಟ್ಟು,
ಒಂದು ಗಾಜಿನ ತೂಕದ ಮಿಷನ್ನು.
ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಸ್ನಾನಕ್ಕೆ ಮುಂಚೆ,
ಓಲೆ ಬಿಚ್ಚಿಟ್ಟು, ಕೂದಲ ಕ್ಲಿಪ್ಪೂ ತೆಗೆದಿಟ್ಟು
ಉಸಿರು ಬಿಟ್ಟು ಹತ್ತುತ್ತೇನೆ,
ಉಸಿರಿಗೂ ತೂಕ ಇದ್ದೀತು ಅಂತ.
ಬೀರುವಿನ ಬಾಗಿಲ ಒಳಗಡೆ
ಕಾಡಿಗೆ ಪೆನ್ಸಿಲ್ಲಿನ ಲೆಕ್ಕ:
ಐವತ್ತೆಂಟು, ಐವತ್ತೇಳೂವರೆ, ಮತ್ತೆ ಐವತ್ತೆಂಟು.
ಎಲ್ಲಕ್ಕಿಂತ ಕೆಳಗೆ, ಎರಡು ಗೆರೆ ಎಳೆದು: ನಲವತ್ತಾರು.
ಅದು ನಾನು ತಲುಪಬೇಕಾದ ಊರು.

ಶೇಷವೇಣಿಯದು ಉಲ್ಟಾ ಕತೆ.
ಹತ್ತುವ ಮುಂಚೆ ಒಂದು ಚೊಂಬು ನೀರು ಕುಡಿಯುತ್ತಾಳೆ,
ಜೇಬಲ್ಲಿ ಮೊಬೈಲು ಇಟ್ಟುಕೊಳ್ಳುತ್ತಾಳೆ.
ನೋಡಲು ಬಂದ ಬಂಗಾರಪೇಟೆಯವರು
"ಗಾಳಿ ಬಂದರೆ ಹಾರಿಹೋಗ್ತಾಳೆ ಹುಡುಗಿ" ಅಂದು
ಕಾಫಿ ಕುಡಿದು ಎದ್ದು ಹೋದರಂತೆ.
ರಾತ್ರಿ ಲೈಟು ಆರಿದ ಮೇಲೆ
ಅವಳು ಬಾಳೆಹಣ್ಣು ಸುಲಿಯುವ ಸದ್ದು,
ನನ್ನ ಹೊಟ್ಟೆ ಕೂಗುವ ಸದ್ದು.
ನಮ್ಮಿಬ್ಬರ ಮಂಚಕ್ಕೂ ಒಂದೇ ಗೋಡೆ.

ಮೆಸ್ಸಿನಲ್ಲಿ ಮುದ್ದೆ, ಬಸ್ಸಾರು.
ಬಡಿಸುವ ಕೈ ತಟ್ಟೆಯ ಮೇಲೆ ಬರುವ ಮೊದಲೇ
"ಒಪ್ಪತ್ತು ಅಕ್ಕ" ಅನ್ನುತ್ತೇನೆ.
ಸೋಮವಾರ ಈಶ್ವರ, ಗುರುವಾರ ರಾಯರು,
ಶುಕ್ರವಾರ ಲಕ್ಷ್ಮಿ, ಶನಿವಾರ ಹನುಮಪ್ಪ,
ನಡುವೆ ಸಂಕಷ್ಟಿ.
ಈ ಹಾಸ್ಟೆಲಿನಲ್ಲಿ ನನ್ನಂಥ ಭಕ್ತೆ ಇನ್ನೊಬ್ಬಳಿಲ್ಲ.
ರುಹೀನಾ ಮಾತ್ರ ಒಮ್ಮೆ, ತಟ್ಟೆಯಿಂದ ತಲೆಯೆತ್ತದೆ:
"ನಮ್ಮ ರೋಜಾಕ್ಕೆ ಸಂಜೆ ಅಂತ ಒಂದಿರುತ್ತೆ ಕಣೇ.
ನಿಂದು ಯಾವಾಗ ಬಿಡೋದು?"

ಮಿಷನ್ನಿನ ಸೆಲ್ಲು ಮುಗಿದ ವಾರ
ಫೀಸಿನ ದುಡ್ಡಿಗೆ ಎಪಿಎಂಸಿ ಯಾರ್ಡಿಗೆ ಹೋದೆ.
ಅಮ್ಮ ಮಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು
ಟೊಮೆಟೊ ಆರಿಸುತ್ತಿದ್ದಳು.
ದಪ್ಪದ್ದು ಒಂದು ಕಡೆ, ಗೋಲಿ ಒಂದು ಕಡೆ,
ಕಲೆ ಬಿದ್ದದ್ದು, ಸೀಳಿದ್ದು,
ಒಂದು ಕೆನ್ನೆ ಕೆಂಪು ಒಂದು ಕೆನ್ನೆ ಹಸಿರಿನದು ಇನ್ನೊಂದು ಕಡೆ.
ಕಣ್ಣು ನನ್ನ ಮೇಲೆ, ಬೆರಳು ಹಣ್ಣಿನ ಮೇಲೆ,
ಒಂದೂ ತಪ್ಪಲಿಲ್ಲ.
"ಯಾಕಮ್ಮೀ, ಮುಖ ಹಿಂಗೆ ಬತ್ತೋಗಿದೆ?"
"ಎಕ್ಸಾಮು."

ಟೀಗೆ ಎಲ್ಲರೂ ಎದ್ದಾಗ
ಚಪ್ಪಲಿ ಬಿಟ್ಟು ಕಾಟಾದ ಮೇಲೆ ನಿಂತೆ.
ಚೀಟಿ ಬರೆಯುವ ಹುಡುಗ, ಕಿವಿಯಲ್ಲಿ ಪೆನ್ನು,
ಬಾಕ್ಸಿಗೆ ಹದಿನೈದು ಕೆಜಿ ಅಂತಲೇ ಲೋಕ ತಿಳಿದವನು,
ನಗದೆ ಓದಿದ:
"ಮೂರು ಬಾಕ್ಸು, ಮೇಲೆ ಚಿಲ್ಲರೆ.
ಅಕ್ಕಾ, ಬಾಕ್ಸಿನ ತೂಕ ಕಳೀಲಾ?"

ಯಾವುದು ಬಾಕ್ಸು, ಯಾವುದು ಹಣ್ಣು?
ಸೊಂಟದ ಸುತ್ತ ಇರುವುದು ಯಾವುದರ ಲೆಕ್ಕಕ್ಕೆ?
ಲೈಬ್ರರಿ ಮೆಟ್ಟಿಲ ಮೇಲೆ ಸೀನಿಯರೊಬ್ಬ
"ದಾರಿ ಬಿಡ್ರೋ, ಲಾರಿ ಬತ್ತಾ ಇದೆ" ಅಂದದ್ದು,
ಎರಡು ವರ್ಷ ಹೊತ್ತು ತಿರುಗುತ್ತಿದ್ದೇನಲ್ಲ,
ಅದು ಎಷ್ಟು ಕೆಜಿ?

"ಜರುಗು, ನಂದೂ ನೋಡ್ತೀನಿ" ಅಂತ
ಅಮ್ಮ ಹತ್ತಿಯೇಬಿಟ್ಟಳು,
ಸೊಂಟಕ್ಕೆ ಸಿಕ್ಕಿಸಿದ ಸೆರಗು, ಎಲಡಿಕೆ ಚೀಲ,
ಪಾದದ ಕೆಸರು ಎಲ್ಲ ಸಮೇತ.
ಹುಡುಗ ಏನನ್ನೂ ಕಳೆಯಲಿಲ್ಲ.
ನಲವತ್ತೊಂದು.
"ಅಷ್ಟೇನಾ" ಅಂದು ಇಳಿದಳು,
ರೇಟು ಬಿದ್ದ ದಿನ ಅನ್ನುವ ಹಾಗೆಯೇ.

ನಾನು ತಲುಪಬೇಕಾದ ಊರನ್ನು ಯಾವತ್ತೋ ದಾಟಿ
ಐದು ಮೈಲಿ ಆಚೆ ನಿಂತಿದ್ದಳು ಅಮ್ಮ,
ಬರಿಗಾಲಲ್ಲಿ.

ಡಬ್ಬಿ ತೆಗೆದಳು. ಬೆಳಗಿನ ಮುದ್ದೆ, ಹುರುಳಿ ಸಾರು.
ಮುರಿದು ಮುಚ್ಚಳದಲ್ಲಿಟ್ಟು
ಎಂದಿನಂತೆ ದೊಡ್ಡ ಪಾಲು ನನ್ನ ಕಡೆ ತಳ್ಳಿದಳು.
"ಇವತ್ತು ಒಪ್ಪತ್ತು" ಅನ್ನಲು ಬಾಯಿ ತೆರೆದೆ.
ಬುಧವಾರ. ಯಾವ ದೇವರೂ ನೆನಪಿಗೆ ಬರಲಿಲ್ಲ.
ಎರಡು ತುತ್ತು ನುಂಗಿದೆ.
ಮೂರನೆಯದಕ್ಕೆ ತಲೆಯಲ್ಲಿ ಕೂಡುವ ಲೆಕ್ಕ ಶುರುವಾಯಿತು.
ಅದರ ಜೊತೆಗೇ ನುಂಗಿದೆ.

ಸಂಜೆ ಶೇಷವೇಣಿ ಹೊಸ ಸೆಲ್ಲು ತಂದಿದ್ದಳು.
ಕವರು ಬಿಚ್ಚದೆ ಕಿಟಕಿಯಲ್ಲಿದೆ.
"ಗಡಿಯಾರಕ್ಕೆ ಆಗುತ್ತಾ ನೋಡಿ,
ಅದೂ ನಿಂತು ತಿಂಗಳಾಯ್ತು" ಅಂದಳು ರುಹೀನಾ.
ಯಾರೂ ಎದ್ದು ನೋಡಲಿಲ್ಲ.
ಯಾರೂ ಬೇಡ ಅನ್ನಲಿಲ್ಲ.